ಹಾರನ್ ಹೊಡೆಯದ ಟ್ರ್ಯಾಕ್ಟರು

ಮೊನ್ನೆ ಬೆಳಿಗ್ಗೆ ನಮ್ಮ ಹಿತ್ತಲಿನ ಹಗ್ಗದ ಮೇಲೆ ಒಂದು ತೋಳು ನೇತಾಡುತ್ತಿತ್ತು. ನೇರಳೆ ಬಣ್ಣದ್ದು, ಎರಡೂ ಕಡೆ ಬಾಯಿ ಇದ್ದದ್ದು, ಎಳೆದರೆ ಹಿಗ್ಗುವಂಥದ್ದು. ಯಾರದೋ ಸ್ವೆಟರಿನ ತೋಳು ಹರಿದು ಬಂದಿದೆ ಎಂದುಕೊಂಡು, ಉಳಿದ ಸ್ವೆಟರಿಗಾಗಿ ಹಿತ್ತಲನ್ನೆಲ್ಲ ಹುಡುಕಿದೆ. ಬಾವಿಕಟ್ಟೆಯ ಹಿಂದೆ ನೋಡಿದೆ, ಪಕ್ಕದ ಮನೆಯವರ ಹಗ್ಗವನ್ನೂ ಬಗ್ಗಿ ನೋಡಿದೆ. ಕಡೆಗೆ ಮೊಮ್ಮಗಳು ಚೈತ್ರಾ ಹಲ್ಲುಜ್ಜುತ್ತಲೇ ಬಂದು ನಕ್ಕಳು.

"ಅಜ್ಜಿ, ಅದು ತೋಳಲ್ಲ. ಮೊಣಕಾಲಿಗೆ ಹಾಕ್ಕೊಳ್ಳೋ ನೀ ಕ್ಯಾಪು."

"ಮತ್ತ ಒಂದೇ ಐತಲ್ಲೇ? ನಿನಗ ಇರೋದು ಎರಡು ಮೊಣಕಾಲು."

"ಇನ್ನೊಂದು ಹಡಗಲಿ ಗ್ರೌಂಡಿನಾಗ ಉಳೀತು."

ಹಡಗಲಿ ಎಂದಳೋ ಇಲ್ಲವೋ, ನನಗೆ ಮತ್ತೆ ಉಕ್ಕಿ ಬಂತು. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ಸಂತೋಷವನ್ನು ಸಾಲಾಗಿ ಬರೆಯುವುದು ನನಗೆ ಬರುವುದಿಲ್ಲ. ಹಾಲು ಉಕ್ಕಿದಂತೆ ಒಲೆಯ ಸುತ್ತ ಎಲ್ಲ ಕಡೆಗೂ ಹೋಗುತ್ತದೆ. ನೀವೇ ಒರೆಸಿಕೊಂಡು ಓದಬೇಕು.

ನಾವೀಗ ಕೊಟ್ಟೂರಿನಲ್ಲಿದ್ದೇವೆ. ನಾನು ಹೇಳಹೊರಟ ಕಾಲಕ್ಕೆ ಇದ್ದದ್ದು ಹಗರಿಬೊಮ್ಮನಹಳ್ಳಿಯಲ್ಲಿ, ಒಂದು ಶೇಂಗಾ ಎಣ್ಣೆ ಮಿಲ್ಲಿನ ಕಾಂಪೌಂಡಿನೊಳಗೆ. ಇಸವಿ ನನಗೆ ಗೊತ್ತಿಲ್ಲ. ಎಪ್ಪತ್ತರ ದಶಕದ ಕೊನೆ ಎಂದು ನನ್ನ ಮಗ ಹೇಳುತ್ತಾನೆ. ಆ ವರ್ಷ ಅವನು ನನ್ನ ಹೊಟ್ಟೆಯಲ್ಲಿದ್ದ, ಆದ್ದರಿಂದ ಅವನ ಮಾತು ನಂಬಬಹುದು.

ಮಿಲ್ಲಿನ ಸಾವಕಾರ್ರು ಒಮ್ಮೆ ದಾವಣಗೆರೆಗೆ ಹೋಗಿದ್ದಾಗ ಅಲ್ಲಿನ ಯಾವುದೋ ಮಿಲ್ಲಿನವರು ತಮ್ಮದೇ ಟೀಮು ಕಟ್ಟಿ, ಬಣ್ಣದ ಬನಿಯನ್ನು ತೊಡಿಸಿ ಆಡಿಸುವುದನ್ನು ನೋಡಿ ಬಂದರು. ನೋಡಿದ ಮೇಲೆ ನಿದ್ದೆ ಬರಲಿಲ್ಲ. ನಮ್ಮ ಮಿಲ್ಲಿಗೂ ಒಂದು ಕಬಡ್ಡಿ ಟೀಮು ಬೇಕೆಂದರು. ಚೀಲ ಹೊರುವ ಹಮಾಲರಲ್ಲಿ ಗಟ್ಟಿಯಾದವರನ್ನು, ಸುತ್ತಲ ಹಳ್ಳಿಗಳಲ್ಲಿ ಹೆಸರಾದವರನ್ನು ಆರಿಸಿದರು. ಇನ್ನು ಮೇಲೆ ನೀವು ಚೀಲ ಹೊರುವಂತಿಲ್ಲ, ಆಡುವುದೇ ಕೆಲಸ, ಅದಕ್ಕೇ ಪಗಾರ ಎಂದರು. ಬೆಳಿಗ್ಗೆ ಒಬ್ಬೊಬ್ಬರಿಗೆ ಒಂದು ತಂಬಿಗೆ ಹಾಲು. ಸಂಸಾರಸ್ಥರಿಗೆ ಕಾಂಪೌಂಡಿನಲ್ಲಿ ಒಂದು ಕೋಣೆ. ಹಾಗೆ ಆರಿಸಿದವರಲ್ಲಿ ನಮ್ಮ ಯಜಮಾನರೇ ಮೊದಲನೆಯವರು. ಎದುರಾಳಿಗಳ ಕಡೆ ನುಗ್ಗಿ ಮುಟ್ಟಿ ಬರುವುದರಲ್ಲಿ ಅವರಷ್ಟು ಚುರುಕು ಯಾರೂ ಇರಲಿಲ್ಲ.

ಇದನ್ನು ನಮ್ಮವ್ವನಿಗೆ ತಿಳಿಸಿ ಹೇಳುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಯಿತು. ನನ್ನ ತವರು ಹಲವಾಗಲು, ಹೊಳೆದಂಡೆಯ ಊರು. ಅವ್ವ ಕೇಳಿದಳು:

"ಅಳಿಯ ಏನು ಕೆಲಸ ಮಾಡ್ತಾನವ್ವ?"

"ಕಬಡ್ಡಿ."

"ಅದು ಗೊತ್ತೈತಿ. ಕೆಲಸ ಏನು?"

"ಅದೇ ಕೆಲಸ, ಯವ್ವ."

"ಮತ್ತ ರಜಾ ದಿನ ಏನು ಆಡ್ತಾನ?"

ರಜಾ ದಿನ ಅವರು ಚೀಲ ಹೊರುವವರಿಗೆ ಕೈ ಹಚ್ಚಲು ಹೋಗುತ್ತಿದ್ದರು, ಸುಮ್ಮನೆ ಕೂತರೆ ಮೈ ಹಿಡಿಯುತ್ತದೆಂದು. ಕೆಲಸವೆಂದರೆ ಯಾವುದು, ಆಟವೆಂದರೆ ಯಾವುದು ಎಂದು ಆ ವರ್ಷ ಕದಡಿದ್ದು ನನ್ನ ತಲೆಯಲ್ಲಿ ಇನ್ನೂ ತಿಳಿಯಾಗಿಲ್ಲ.

ಆದರೆ ಆ ಕೋಣೆಯೊಳಗೆ ನಲ್ಲಿ ಇತ್ತು. ಹೊಸ್ತಿಲೊಳಗೆ ನಲ್ಲಿ! ಹೊಳೆಯಿಂದ ಕೊಡ ಹೊತ್ತು ಹೊತ್ತು ನೆತ್ತಿ ಚಪ್ಪಟೆಯಾಗಿದ್ದ ನಾನು ಮೊದಲ ದಿನ ಅದನ್ನು ತಿರುಗಿಸುವುದು, ನಿಲ್ಲಿಸುವುದು, ಮತ್ತೆ ತಿರುಗಿಸುವುದು ಮಾಡಿ, ಮಿಲ್ಲಿನ ಹೆಂಗಸರಿಂದ ಬೈಸಿಕೊಂಡೆ. ಹೊಟ್ಟೆಯಲ್ಲಿ ಕೂಸು ಬೆಳೆದಂತೆಲ್ಲ ಆ ನಲ್ಲಿ ನನಗೆ ಹೆಚ್ಚು ಹೆಚ್ಚು ಚೆಂದ ಕಾಣುತ್ತಿತ್ತು.

ಇಲ್ಲಿ ನಮ್ಮ ಯಜಮಾನರ ಒಂದು ಅಭ್ಯಾಸ ಹೇಳಬೇಕು. ಕಾಲು ಯಾರಿಗಾದರೂ ತಾಗಿದರೆ ಅವರನ್ನು ಮುಟ್ಟಿ ಕೈ ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮಲ್ಲಿ ಎಲ್ಲರಿಗೂ ಇರುವುದೇ. ಇವರದು ಮಾತ್ರ ಮಿತಿ ಮೀರಿದ್ದು. ಪೊರಕೆಗೆ ತಾಗಿದರೆ ಪೊರಕೆಗೆ, ಮೊರಕ್ಕೆ ತಾಗಿದರೆ ಮೊರಕ್ಕೆ, ಬಾಗಿಲಲ್ಲಿ ಮಲಗಿದ ನಾಯಿಗೂ ಸಹ. ಮದುವೆಯಾದ ಹೊಸದರಲ್ಲಿ ನಾನು ಅಕ್ಕಿ ಆರಿಸುತ್ತ ಕೂತಿದ್ದಾಗ ಇವರು ದಾಟಿ ಹೋಗುವಾಗ ಕಾಲು ನನಗೆ ತಾಗಿತು. ತಕ್ಷಣ ಬಗ್ಗಿ ನನ್ನ ಭುಜ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅತ್ತೆ ನೋಡಿಬಿಟ್ಟರು.

"ಏ ಮೂಳ, ಹೇಣ್ತಿಗೆ ನಮಸ್ಕಾರ ಮಾಡ್ತಿಯೇನೋ? ನಾಳಿ ಆಕಿ ನಿನ್ನ ನೆತ್ತಿ ಮ್ಯಾಲೆ ಕುಂದ್ರತಾಳ!"

"ಕಾಲು ತಾಗ್ತಬೇ," ಎಂದರು ಇವರು, ಅಷ್ಟೇ.

ನಾನು ನಾಚಿಕೆಯಿಂದ ಅಕ್ಕಿಯ ಬದಲು ಕಲ್ಲನ್ನೇ ಮೊರದಲ್ಲಿ ಉಳಿಸಿಕೊಂಡೆ.

ಟೀಮಿನ ಕ್ಯಾಪ್ಟನ್ ಖಾಜಾಸಾಬ್, ಮಿಲ್ಲಿನ ಎಂಜಿನ್ ನೋಡಿಕೊಳ್ಳುವ ಮೆಕ್ಯಾನಿಕ್. ಕೈಗೆ ಸಿಕ್ಕವನನ್ನು ಬಿಡುತ್ತಿರಲಿಲ್ಲ, ನಟ್ಟು ಬಿಗಿದಂತೆ ಹಿಡಿಯುತ್ತಿದ್ದ. ಶೇಂಗಾ ಒಣಗಿಸುವ ಅಂಗಳದಲ್ಲಿ ಬೆಳಬೆಳಿಗ್ಗೆ ಇವರ ಪ್ರಾಕ್ಟೀಸು. ನಾನು ಶೇಂಗಾ ಆರಿಸುವ ಹೆಂಗಸರ ಜೊತೆ ಕೂತು ನೋಡುತ್ತಿದ್ದೆ. ಹುಲಿಗಳ ಹಾಗೆ ಆಡುತ್ತಿದ್ದರು. ಇವರನ್ನು ಸೋಲಿಸುವವರು ಈ ಸೀಮೆಯಲ್ಲಿ ಹುಟ್ಟಿಲ್ಲ ಎಂದು ಎಲ್ಲರೂ ಅಂದರು. ಸಾವಕಾರ್ರಂತೂ ಟ್ರ್ಯಾಕ್ಟರ್ ಡ್ರೈವರನಿಗೆ ಅಪ್ಪಣೆ ಮಾಡಿದರು: "ಗೆದ್ದು ಬಂದ ದಿನ ರೈಲ್ವೆ ಗೇಟಿನಿಂದ ಮಿಲ್ಲಿನ ತನಕ ಹಾರನ್ ಮ್ಯಾಲಿನ ಕೈ ತೆಗೀಬಾರದು ನೋಡು. ಊರಿಗೆ ಊರೇ ಎದ್ದು ಹೊರಗ ಬರಬೇಕು."

ಮೊದಲ ಆಟ ಕೂಡ್ಲಿಗಿಯಲ್ಲಿ. ಸಂಜೆ ನಾವು ಹೆಂಗಸರೆಲ್ಲ ಕೆಲಸ ಬಿಟ್ಟು ಗೇಟಿನ ಕಡೆ ಕಿವಿ ಇಟ್ಟು ಕೂತೆವು. ಟ್ರ್ಯಾಕ್ಟರು ಬಂತು. ಬರೀ ಎಂಜಿನ್ನಿನ ಸದ್ದು. ಟ್ರೇಲರಿನಲ್ಲಿ ಎಲ್ಲರೂ ತಲೆ ತಗ್ಗಿಸಿ, ಸಂತೆಯಲ್ಲಿ ಮಾರಾಟವಾಗದೆ ಉಳಿದ ಕುರಿಗಳಂತೆ ಕೂತಿದ್ದರು.

ಬಿಸಿಲು ಕಣ್ಣಿಗೆ ಹೊಡೆಯಿತು ಎಂದರು. ಇರಬಹುದು. ಹರಪನಹಳ್ಳಿಯಲ್ಲಿ ಮೋಡವಿತ್ತು, ಅಲ್ಲೂ ಸೋತರು, ಬೆಳಕೇ ಸಾಲಲಿಲ್ಲ ಎಂದರು. ಗುಡೇಕೋಟೆಯಲ್ಲಿ ನೆಲ ಕಲ್ಲಾಗಿತ್ತಂತೆ. ಕೊಟ್ಟೂರಿನಲ್ಲಿ ಮೆತ್ತಗಿತ್ತಂತೆ. ಒಂದು ಊರಿನವರು ಊಟ ಹಾಕಲಿಲ್ಲವಂತೆ, ಇನ್ನೊಂದು ಊರಿನವರು ಹೋಳಿಗೆ ಹಾಕಿಬಿಟ್ಟರಂತೆ. ಮಿಲ್ಲಿನ ಹೆಂಗಸರು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಕೆಮ್ಮಿ ಕೆಮ್ಮಿ ಸಾಕಾದರು. ಖಾಜಾಸಾಬನ ತಾಯಿ ದರ್ಗಾದಿಂದ ತಾಯತ ತಂದು ಎಲ್ಲರ ಬಲತೋಳಿಗೆ ಕಟ್ಟಿದರು, ನಮ್ಮತ್ತೆ ಎಡತೋಳಿಗೆ ಅರಿಶಿನದ ದಾರ ಕಟ್ಟಿದರು. ಆ ಕಡೆಯವರೂ ಈ ಕಡೆಯವರೂ ಒಟ್ಟಿಗೆ ಬಂದದ್ದರಿಂದ, ಯಾರು ಮೊದಲು ಕಾಪಾಡಬೇಕೆಂಬ ಗೊಂದಲದಲ್ಲಿ ದೇವರುಗಳೂ ಸುಮ್ಮನಿದ್ದರೆಂದು ಕಾಣುತ್ತದೆ.

ಒಂದು ಸಂಜೆ ಗೇಟಿನ ಕಡೆಯಿಂದ ಹಾರನ್ ಕೇಳಿತು! ನಾವು ಬಿದ್ದಂಬೀಳ ಓಡಿದೆವು. ಸಾವಕಾರ್ರು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬಂದರು. ನೋಡಿದರೆ ದಾರಿಯ ನಡುವೆ ಎಮ್ಮೆ ಮಲಗಿತ್ತು. ಅವತ್ತೂ ಸೋತೇ ಬಂದಿದ್ದರು.

ಊರಿನವರ ಬಾಯಿಗೆ ಬೀಗವುಂಟೇ? ನಾನು ಸಂತೆಗೆ ಹೋದರೆ ಸೊಪ್ಪಿನವಳು ಕೂಡ, "ಏನವ್ವ, ನಿಮ್ಮೋರು ಈ ವಾರ ಯಾವ ಊರಿಗೆ ಸೋಲಾಕ ಹೋಗ್ಯಾರ?" ಎಂದು ಕೇಳುತ್ತಿದ್ದಳು. ಹಾಲು ಕುಡಿದು ಸೋಲುವವರು ಎಂದು ಹೆಸರೇ ಬಿತ್ತು. ಸೋತು ಬಂದ ಮರುದಿನ ಪ್ರಾಕ್ಟೀಸಿನಲ್ಲಿ ಮತ್ತೆ ಹುಲಿಗಳು. ಇಲ್ಲಿ ಹುಲಿ, ಅಲ್ಲಿ ಕುರಿ, ಇದ್ಯಾವ ಮಾಯೆ ಎಂದು ನನಗೆ ತಲೆಕೆಟ್ಟಿತು.

ಗುಟ್ಟು ಹಿಡಿದವನು ಖಾಜಾಸಾಬನೇ. ಹಡಗಲಿಯಲ್ಲಿ ಸೋತು ಬಂದ ಮರುದಿನ ನಮ್ಮ ಕೋಣೆಯ ಬಾಗಿಲಿಗೆ ಬಂದು ಕುಡಿಯಲು ನೀರು ಕೇಳಿದ. ಗಟಗಟ ಕುಡಿದು ಚೊಂಬು ಕೆಳಗಿಟ್ಟ.

"ತಂಗೀ, ನಿನ್ನ ಗಂಡನ ಕಾಲು ಸರಿ ಅದಾವ. ಕೈ ಸರಿ ಇಲ್ಲ."

"ಏನಾತಣ್ಣ? ಉಳುಕ್ಯಾವೇನು?"

"ಉಳುಕಿದ್ರ ಎಣ್ಣಿ ಹಚ್ಚಿ ತಿಕ್ಕಬೌದಿತ್ತು. ಇವ ಕಾಲಿಲಿಂದ ಮುಟ್ತಾನ, ಮುಟ್ಟಿದ ಕೂಡ್ಲೇ ಬಗ್ಗಿ ನಮಸ್ಕಾರ ಮಾಡ್ತಾನ. ಅಷ್ಟೊತ್ತಿಗೆ ಅವ್ರು ನಾಕು ಮಂದಿ ಮ್ಯಾಲೆ ಬಿದ್ದಿರ್ತಾರ. ನಿನ್ನೆ ನಾನು ಔಟಾಗಿ ಹೊರಗ ಕುಂತಿದ್ದೆ ನೋಡು, ಆವಾಗ ಕಣ್ಣಿಗೆ ಬಿತ್ತು."

"ದಿನಾ ಇಲ್ಲಿ ಆಡ್ತೀರಲ್ಲ, ಇಲ್ಲಿ ಕಾಣಲಿಲ್ಲೇನು?"

ಖಾಜಾಸಾಬ್ ತಲೆ ಕೆರೆದುಕೊಂಡ. "ಇಲ್ಲಿ ಅವ ನಮಸ್ಕಾರ ಮಾಡಿ ಮುಗಿಸೋ ತನಕ ನಾವು ನಿಂದ್ರತೀವಲ್ಲವ್ವ. ನಮಸ್ಕಾರ ಮಾಡೋ ಮನಷ್ಯಾನ್ನ ಹೆಂಗ ಹಿಡಿಯೋದು? ಅವ ಕಣ್ಣಿಗೆ ಒತ್ತಿಕೊಂಡ ಮ್ಯಾಲೆ ಹಿಡಿಯಾಕ ಹೋಗ್ತೀವಿ. ಅಷ್ಟೊತ್ತಿಗೆ ಅವ ಗೆರಿ ದಾಟಿರ್ತಾನ. ನಾವು ಒಬ್ರೂ ಇದು ತಪ್ಪು ಅಂತ ತಿಳಿದಿಲ್ಲ. ಪರವೂರಾಗ ಯಾರು ನಿಂದ್ರತಾರ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾಕೆಂದರೆ ಅದೇ ವಾರ ಸಾವಕಾರ್ರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು. ಕಡೆಯ ಆಟ ನಮ್ಮ ಅಂಗಳದಲ್ಲೇ. ಅದನ್ನೊಂದು ಗೆದ್ದರೆ ಟೀಮು ಮುಂದಿನ ವರ್ಷಕ್ಕೂ ಉಂಟು. ಸೋತರೆ ಎಲ್ಲರೂ ಮತ್ತೆ ಚೀಲಕ್ಕೆ ಹೆಗಲು ಕೊಡುವುದು, ಕೋಣೆ ಹೊಸ ಗುಮಾಸ್ತರಿಗೆ. ಕೋಣೆ ಹೋದರೆ ನಲ್ಲಿ ಹೋಯಿತು. ಎದುರಾಳಿ ಯಾರು ಕೇಳಿ: ಹಲವಾಗಲು. ನನ್ನ ತವರು. ಅವರ ಕಡೆ ಮೂಲೆಯಲ್ಲಿ ನಿಂತು ಕಾಲು ಹಿಡಿಯುವವನು ನಮ್ಮಣ್ಣ ಹಾಲಪ್ಪ. ಅಪ್ಪ ಇಲ್ಲದ್ದರಿಂದ ನನ್ನ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ಕೂತು, ಇವರ ಪಾದಕ್ಕೆ ಹಾಲೆರೆದು ತೊಳೆದವನೂ ಅವನೇ.

ಆಟದ ದಿನ ಬೆಳಿಗ್ಗೆ ಇವರಿಗೆ ರೊಟ್ಟಿ ಹಾಕುತ್ತ ಕೇಳಿಕೊಂಡೆ:

"ಇವತ್ತೊಂದು ದಿನ ಅದನ್ನ ಬಿಡ್ರಿ."

"ನಾನೇನು ಬೇಕಂತ ಮಾಡ್ತೀನೇನು? ಕೈ ತಾನಾ ಹೋಗ್ತೈತಿ."

"ಕೈಗೆ ಹೇಳ್ರಿ ಮತ್ತ, ನಲ್ಲಿ ಐತಿ ಅಂತ."

ಇವರು ತಮ್ಮ ಕೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡರು, ಬೇರೆ ಯಾರದೋ ಎಂಬಂತೆ.

ಖಾಜಾಸಾಬ್ ಉಪಾಯ ಮಾಡಿದ್ದ. ಆಟಕ್ಕೆ ಮುಂಚೆ ಇವರ ಬಲಗೈಯಲ್ಲಿ ಒಂದು ಇಡೀ ಶೇಂಗಾ ಇಟ್ಟು ಮುಷ್ಟಿ ಮಾಡಿಸಿದ. "ಇದು ಕೆಳಗ ಬೀಳಬಾರದು. ಬಿದ್ರ ನೀನು ಬಿದ್ದಂಗ." ಮುಷ್ಟಿ ಬಿಚ್ಚದಿದ್ದರೆ ಮುಟ್ಟಿ ನಮಸ್ಕಾರ ಮಾಡುವುದು ಹೇಗೆ? ಎಂಜಿನ್ ಬಿಚ್ಚಿ ಜೋಡಿಸುವವನ ತಲೆ!

ನಾವು ಹೆಂಗಸರು ಶೇಂಗಾ ಸಿಪ್ಪೆಯ ಚೀಲಗಳ ಮೇಲೆ ಹತ್ತಿ ಕೂತೆವು. ಸಾವಕಾರ್ರು ಕುರ್ಚಿಯಲ್ಲಿ. ಆಟ ಶುರುವಾಯಿತು, ನೋಡಿ, ಇವರು ಹೋಗುತ್ತಾರೆ, ಕಾಲು ಚಾಚಿ ಮುಟ್ಟುತ್ತಾರೆ, ಬಗ್ಗಲು ಹೋಗಿ ಮುಷ್ಟಿ ನೆನಪಾಗಿ ಓಡಿ ಬರುತ್ತಾರೆ. ಪಾಯಿಂಟು! ಮತ್ತೆ ಹೋದರು, ಮತ್ತೆ ಪಾಯಿಂಟು! ನಾನು ಚೀಲದ ಮೇಲೆ ಎದ್ದು ನಿಂತಿದ್ದೆ. ಅಷ್ಟರಲ್ಲಿ ನಮ್ಮಣ್ಣ ಮಿಲ್ಲಿನವನೊಬ್ಬನ ಕಾಲಿಗೆ ಜೋತುಬಿದ್ದ. ನನ್ನ ಬಾಯಿ ಹುಟ್ಟಿದೂರಿನ ಕಡೆ ತಿರುಗಿ, "ಬಿಡಬ್ಯಾಡೋ ಅಣ್ಣಾ!" ಎಂದು ಕೂಗಿಬಿಟ್ಟಿತು. ಪಕ್ಕದವಳು ತೊಡೆ ಚಿವುಟಿದಳು. "ನೀನು ಯಾರ ಕಡಿ ಅದೀಯವ್ವ?" ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಯಾರ ಕಡೆ ಎಂದು ಹೇಳಲು ನನಗಾದರೂ ಗೊತ್ತಿರಬೇಕಲ್ಲ. ಹೊಟ್ಟೆಯೊಳಗಿನದು ಬೇರೆ ಒದೆಯುತ್ತಿತ್ತು. ಅದೂ ಯಾವ ಕಡೆಗೋ.

ಕಡೆಯ ಸರದಿ. ಹಲವಾಗಲಿನವರು ಒಂದೇ ಪಾಯಿಂಟು ಮುಂದಿದ್ದರು. ಇವರು ಒಬ್ಬರನ್ನು ಮುಟ್ಟಿ ಬಂದರೆ ಸಮ, ಇಬ್ಬರನ್ನು ಮುಟ್ಟಿದರೆ ಗೆಲುವು. "ಕಬಡ್ಡಿ ಕಬಡ್ಡಿ" ಎನ್ನುತ್ತ ಹೋದರು. ಎಡಗೈ ಬೀಸಿ ಒಬ್ಬನನ್ನು ಮುಟ್ಟಿದರು. ತಿರುಗುವಾಗ ಬಲಗಾಲು ಹಿಂದಕ್ಕೆ ಚಾಚಿ ಒದ್ದರು. ಅದು ಬಗ್ಗಿ ನಿಂತಿದ್ದ ನಮ್ಮಣ್ಣನ ಎದೆಗೆ ತಾಗಿತು. ಎರಡು! ಗೆದ್ದೆವು! ಗೆರೆ ಮೂರು ಹೆಜ್ಜೆ ದೂರ. ಖಾಜಾಸಾಬ್, "ಬಾರೋ! ಬಾರೋ!" ಎಂದು ಕಿರುಚುತ್ತಿದ್ದ.

ಇವರು ನಿಂತರು. ನಾನು ಅವರ ಮುಷ್ಟಿಯನ್ನೇ ನೋಡುತ್ತಿದ್ದೆ. ಅದು ಬಿಚ್ಚಿಕೊಂಡಿತು, ಶೇಂಗಾ ಕೆಳಗೆ ಬಿತ್ತು. ತಮ್ಮ ಪಾದ ತೊಳೆದವನ ಎದೆಗೆ ಅದೇ ಪಾದ ತಾಗಿದೆ. ಬಗ್ಗಿದರು, ಅಣ್ಣನನ್ನು ಮುಟ್ಟಿದರು, ಕಣ್ಣಿಗೆ ಒತ್ತಿಕೊಂಡರು. ನಮ್ಮಣ್ಣನೂ ಹಿಡಿಯಲಿಲ್ಲ, ಮನೆಗೆ ಬಂದ ಅಳಿಯನಿಗೆ ಹೇಳುವಂತೆ ಎರಡೂ ಕೈ ಮೇಲೆತ್ತಿ, "ಅಯ್ಯ, ಇರ್ಲಿ ಇರ್ಲಿ, ಬಿಡ್ರಿ" ಎಂದ. ಅವನ ಹಿಂದಿದ್ದ ಉಳಿದವರಿಗೆ ಇವರು ಯಾವ ಅಳಿಯನೂ ಅಲ್ಲವಲ್ಲ. ಎಲ್ಲರೂ ಬಂದು ಮೇಲೆ ಬಿದ್ದರು.

ಜನ ನಕ್ಕರು. "ಮದುವಿ ಇನ್ನೂ ಮುಗಿದಿಲ್ಲೇನೋ!" ಎಂದು ಯಾರೋ ಕೂಗಿದರು. ಸಾವಕಾರ್ರು ಕುರ್ಚಿ ಬಿಟ್ಟು ಎದ್ದು ಹೋದರು. ಮರುದಿನ ಬೆಳಿಗ್ಗೆ ಹಾಲು ಬರಲಿಲ್ಲ. ಅದೇ ನಮಗೆ ಬಂದ ಅಪ್ಪಣೆ.

ಕೋಣೆ ಖಾಲಿ ಮಾಡುವ ದಿನ ನಮ್ಮಣ್ಣ ಹಲವಾಗಲಿನಿಂದ ಬಂಡಿ ಕಟ್ಟಿಕೊಂಡು ಬಂದ, ಸಾಮಾನು ಸಾಗಿಸಲು. ಬಾಗಿಲಲ್ಲಿ ಇವರೂ ಅವನೂ ಎದುರಾದರು.

"ನನ್ನಿಂದ ನಿಮ್ಮ ಕೆಲಸ ಹೋತು, ತಪ್ಪಾತು," ಎಂದ ಅಣ್ಣ.

"ನಿಮ್ಮ ಎದಿಗೆ ಒದ್ದೆ, ನನ್ನದು ತಪ್ಪು," ಎಂದರು ಇವರು.

"ಇಲ್ರಿ, ನಂದು."

"ಇಲ್ಲ, ನಂದು."

ನಾನು ನಲ್ಲಿಯನ್ನು ಕಡೆಯ ಸಲ ತಿರುಗಿಸಿ ಕೊಡ ತುಂಬುತ್ತಿದ್ದೆ. ಸಿಟ್ಟು ನೆತ್ತಿಗೇರಿತು. "ಇಬ್ಬರದೂ ತಪ್ಪು! ಮೊದಲು ಪೆಟಿಗಿ ಎತ್ರಿ!" ಎಂದೆ. ಇಬ್ಬರೂ ಒಟ್ಟಿಗೆ ಬಗ್ಗಿದರು, ತಲೆಗೆ ತಲೆ ಡಿಕ್ಕಿಯಾಯಿತು. ಆಗ ನನಗೆ ಬಂದ ನಗುವನ್ನು ಸಿಟ್ಟು ತಡೆಯಲಿಲ್ಲ, ಸಿಟ್ಟನ್ನೂ ನಗು ತಡೆಯಲಿಲ್ಲ. ಬಂಡಿ ಹತ್ತಿದ ಮೇಲೂ ಎರಡೂ ಒಟ್ಟಿಗೇ ಇದ್ದವು.

ಮುಂದೆ ಇವರು ಆ ಮಿಲ್ಲಿನಲ್ಲಿ ಮುಖ ತೋರಿಸಲಾರದೆ ಕೊಟ್ಟೂರಿಗೆ ಬಂದು ಚೀಲ ಹೊತ್ತರು. ನಾನು ಬೀದಿ ನಲ್ಲಿಯಲ್ಲಿ ಸರದಿ ನಿಂತೆ. ಮಗ ದೊಡ್ಡವನಾದಾಗ ಖಾಜಾಸಾಬನೇ ಕರೆದುಕೊಂಡು ಹೋಗಿ ಎಂಜಿನ್ ಕೆಲಸ ಕಲಿಸಿದ, ಈಗ ಮಗ ಬಸ್ ಡಿಪೋದಲ್ಲಿದ್ದಾನೆ. ಮನೆಯೊಳಗೆ ಮೂರು ನಲ್ಲಿ ಇವೆ. ಕಷ್ಟ ಎಂದು ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೆ ನಮ್ಮ ಮನೆಯಲ್ಲಿ ಕಬಡ್ಡಿ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಆ ದಿನ ಇವರು ಮಾಡಿದ್ದು ಸರಿಯೋ ತಪ್ಪೋ ಎಂದು ನಾನು ಒಬ್ಬಳೇ ತೂಗುತ್ತಿದ್ದೆ. ಒಂದು ದಿನ ಸರಿ ಎನ್ನಿಸಿದರೆ ಮರುದಿನ ಕೊಡ ಹೊರುವಾಗ ತಪ್ಪು ಎನ್ನಿಸುತ್ತಿತ್ತು.

ಹೀಗಿರುವಾಗ ಚೈತ್ರಾ ತನ್ನ ಶಾಲೆಯ ಕಬಡ್ಡಿ ಟೀಮು ಸೇರಿಕೊಂಡು, ನಮ್ಮಿಬ್ಬರನ್ನೂ ಹಡಗಲಿಗೆ ಎಳೆದುಕೊಂಡು ಹೋದಳು. ಇವರು ಬರುವುದಿಲ್ಲ ಎಂದರು. "ತಾತ, ನೀನು ಬರದಿದ್ರ ನಾನು ಆಡಂಗಿಲ್ಲ," ಎಂದಳು. ಬಂದರು.

ಮೊದಲ ಆಟ. ನಮ್ಮ ಹುಡುಗಿ ನುಗ್ಗಿದಳು. ಕಾಲು ಚಾಚಿದಳು, ತಾತನ ಹಾಗೇ, ಹಿಂದಕ್ಕೆ. ಒಬ್ಬಳ ಹೊಟ್ಟೆಗೆ ತಾಗಿತು. ನನ್ನ ಪಕ್ಕದಲ್ಲಿ ಇವರ ಬಲಗೈ ತಾನಾಗಿ ಎದ್ದದ್ದು ಕಂಡಿತು. ನಾನು ಕಣ್ಣು ಮುಚ್ಚಿದೆ. ಆ ಹುಡುಗಿ ಬೆಳೆದದ್ದು ಈ ತಾತನ ತೊಡೆಯ ಮೇಲೆ. ಪೊರಕೆಗೂ ನಮಸ್ಕಾರ ಮಾಡುವವಳು. ಮುಗಿಯಿತು ಎಂದುಕೊಂಡೆ.

ಚಪ್ಪಾಳೆ ಕೇಳಿ ಕಣ್ಣು ಬಿಟ್ಟೆ. ಚೈತ್ರಾ ಗೆರೆ ದಾಟಿ ಈಚೆ ನಿಂತಿದ್ದಳು. ಪಾಯಿಂಟು ಬಂದಿತ್ತು. ಆಮೇಲೆ, ಏನೂ ಅವಸರವಿಲ್ಲದೆ ಹಿಂದಕ್ಕೆ ತಿರುಗಿ, ತಾನು ಒದ್ದ ಹುಡುಗಿಯ ಕಡೆ ಕೈ ಚಾಚಿ, ಕಣ್ಣಿಗೆ ಒತ್ತಿಕೊಂಡಳು. ಆ ಹುಡುಗಿ ಹೊಟ್ಟೆ ಹಿಡಿದುಕೊಂಡೇ ನಕ್ಕಳು.

ನಾನು ಏನು ಕೂಗಿದೆನೋ ತಿಳಿಯದು. ಕೈಚೀಲ ಎಸೆದಿದ್ದೆ, ಮಂಡಕ್ಕಿ ಎಲ್ಲರ ಮೇಲೂ ಬಿದ್ದಿತ್ತು. ಇವರು ಎದ್ದ ಕೈ ಇಳಿಸದೆಯೇ ನನ್ನ ಕಡೆ ತಿರುಗಿದರು.

"ಲೇ, ಗೆರಿ ದಾಟಿ ಆಮ್ಯಾಲೆ ಮಾಡಬೌದಿತ್ತಲ್ಲೇ!"

"ಮಾಡಬೌದಿತ್ತಲ್ಲರೀ!" ಎಂದೆ ನಾನು.

ಇಡೀ ಮಿಲ್ಲಿಗೆ, ಖಾಜಾಸಾಬನ ತಲೆಗೆ, ದರ್ಗಾಕ್ಕೆ, ನಮ್ಮತ್ತೆಯ ಅರಿಶಿನ ದಾರಕ್ಕೆ, ಯಾರಿಗೂ ಇದು ಹೊಳೆಯಲಿಲ್ಲ! ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಗಲು ಶುರುಮಾಡಿದೆವು. ಚೈತ್ರಾಳ ಶಾಲೆಯ ಮಾಸ್ತರು ಬಂದು ನೀರು ಕೊಟ್ಟರು.

ಎರಡನೇ ಆಟ ನಮ್ಮ ಹುಡುಗಿಯರು ಸೋತರು. ಹಾಗಾಗಿ ಗೆದ್ದು ಬಂದೆವೋ ಸೋತು ಬಂದೆವೋ ಎಂದು ನೀವು ಕೇಳಿದರೆ ನನಗೆ ಹೇಳಲು ಬಾರದು. ಟೀಮಿನ ಜೊತೆ ನಾವೂ ಹತ್ತಿದ ಟೆಂಪೋ ಹಗರಿಬೊಮ್ಮನಹಳ್ಳಿಯ ರೈಲ್ವೆ ಗೇಟಿಗೆ ಬಂದಾಗ ಇವರು ಡ್ರೈವರನ ಬೆನ್ನು ತಟ್ಟಿದರು.

"ಹಾರನ್ ಹೊಡಿಯಪಾ."

"ಯಾಕ ತಾತ, ಎಮ್ಮಿ ಅದಾವೇನು?"

"ಎಮ್ಮಿ ಇಲ್ಲ. ಗೆದ್ದೀವಿ."

"ಸೋತೀವಿ ಅಂದ್ರಲ್ಲ ಮಾಸ್ತರು?"

"ಒಂದು ಗೆದ್ದೀವಲ್ಲ! ನೀ ಹೊಡಿ, ಕೈ ತೆಗೀಬ್ಯಾಡ."

ಆ ಮಿಲ್ಲು ಈಗ ಇಲ್ಲ, ಅಲ್ಲಿ ಏನೇನೋ ಅಂಗಡಿಗಳಾಗಿವೆ. ಆದರೂ ಅದು ಇದ್ದ ಜಾಗದ ತನಕ ಹಾರನ್ ಹೊಡೆಸಿದರು. ಅಂಗಡಿಯವರು ಹೊರಗೆ ಬಂದು ಬೈದರು. ಹುಡುಗಿಯರು ಕೈ ಬೀಸಿದರು. ನಾನೂ ಬೀಸಿದೆ.

ಮೊನ್ನೆ, ಆ ಒಂಟಿ ನೀ ಕ್ಯಾಪು ಒಣಗುತ್ತಿದ್ದ ಬೆಳಿಗ್ಗೆಯೇ, ನಾನು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಇವರು ದಾಟಿ ಹೋಗುವಾಗ ಕಾಲು ನನಗೆ ತಾಗಿತು. ಕೈ ಕೆಳಗೆ ಬಂತು. ಅರ್ಧಕ್ಕೆ ನಿಂತಿತು. ಇವರು ಸುಮ್ಮನೆ ನೆಟ್ಟಗಾಗಿ, ಕೋಲೂರಿಕೊಂಡು, ಬಾಯಲ್ಲಿ ಮೆಲ್ಲಗೆ "ಕಬಡ್ಡಿ ಕಬಡ್ಡಿ" ಎನ್ನುತ್ತ ನಡೆದು ಹೋಗಿ ಹೊಸ್ತಿಲು ದಾಟಿದರು. ಆಚೆ ನಿಂತು, ತಿರುಗಿ, ನನ್ನ ಕಡೆ ಕೈ ಚಾಚಿ ಕಣ್ಣಿಗೆ ಒತ್ತಿಕೊಂಡರು.

"ಪಾಯಿಂಟು," ಎಂದೆ ನಾನು.